ಮೋಟಾರು ಹಾಕುವ ಮುನ್ನ

೧೯೫೮ರಲ್ಲಿ ಬೆಂಗಳೂರಿನ ರಾಜಾಜಿನಗರದ ಒಂದು ತಗಡಿನ ಡಬ್ಬಿ ಕಾರ್ಖಾನೆಗೆ, ಹೊಸಬರಿಗೆ ಕೆಲಸ ಕಲಿಸಲೆಂದು ಪುರುಷೋತ್ತಮ ಬಂದರು. ಮೊದಮೊದಲು ಅವರೂ ಯಂತ್ರದ ಬಳಿ ಎಚ್ಚರವಾಗಿರಬೇಕೆಂದು ಭಾಷಣವನ್ನೇ ಮಾಡಿದರು. ಕೇಳಿದವರು ತಲೆಯಾಡಿಸಿ ಹೋಗಿ, ಮತ್ತೆ ಎಂದಿನಂತೆ ಯಂತ್ರದ ಬಾಯಿಗೆ ಕೈಯೊಡ್ಡುತ್ತಿದ್ದರು. ಬೇಸತ್ತು ಅವರು ಭಾಷಣ ಕೈಬಿಟ್ಟರು. ಬೆಳಿಗ್ಗೆ ಮೋಟಾರು ಹಾಕುವ ಮುನ್ನ ಒಬ್ಬೊಬ್ಬರನ್ನೂ ತಗಡು ಒತ್ತಿ ಮುಚ್ಚಳ ಮಾಡುವ ಅವರವರ ಪ್ರೆಸ್ಸಿನ ಮುಂದೆ ಕೂರಿಸಿ, ಕಣ್ಣು ಮುಚ್ಚಿಸಿ, ಮಾಡಲಿರುವ ಕೆಲಸವನ್ನು ಬಾಯಿಬಿಟ್ಟು ಹೇಳಿಸತೊಡಗಿದರು.

ಒಂದು ದಿನ ನಾಯಂಡಹಳ್ಳಿಯ ಚಿಕ್ಕಣ್ಣನ ಸರದಿ.

“ತಗಡು ಇಟ್ಟೆ ಸಾರ್. ಪೆಡಲ್ ತುಳಿದೆ. ಮುಚ್ಚಳ ತೆಗೀತಾ ಇದೀನಿ...” ಎಂದ.

“ಮುಂದೆ ಹೇಳಪ್ಪ.”

“ಕೈ ಒಳಗೇ ಐತೆ ಸಾರ್. ಬರ್ತಾ ಇಲ್ಲ.”

ಅವನ ಬಲಗೈ ತೊಡೆಯ ಮೇಲೆಯೇ ಇತ್ತು. ಪುರುಷೋತ್ತಮ ಮುಟ್ಟಿ ನೋಡಿದರೆ ಬೆರಳುಗಳು ಮಂಜಿನಂತೆ ಕೊರೆಯುತ್ತಿದ್ದವು. ಅವನನ್ನು ದೂರ ನಿಲ್ಲಿಸಿ ತಾವೇ ಹೋಗಿ ಮೋಟಾರು ಹಾಕಿದರು. ಯಾರೂ ಪೆಡಲ್ ತುಳಿಯಲಿಲ್ಲ. ಆದರೂ ಪ್ರೆಸ್ ದಡ್ಡನೆ ಕೆಳಗಿಳಿಯಿತು; ಮೇಲೆದ್ದು ಮತ್ತೆ ಇಳಿಯಿತು.

ಬಿಚ್ಚಿ ನೋಡಿದಾಗ, ಪೆಡಲ್ ತುಳಿಯುವ ತನಕ ಪ್ರೆಸ್ಸನ್ನು ತಡೆದಿಡುವ ಕ್ಲಚ್ಚಿನ ಸ್ಪ್ರಿಂಗ್ ತುಂಡಾಗಿತ್ತು.

“ನಿಂಗೆ ಹೇಗೋ ಗೊತ್ತಾಯ್ತು?”

“ನಂಗೇನೂ ಗೊತ್ತಿಲ್ಲ ಸಾರ್. ಅದೇ ನನ್ನ ಕೈ ಹಿಡ್ಕೊಂಡಿತ್ತು.”

ಅಂದಿನಿಂದ ಎಲ್ಲರೂ ಕರೆಯುವ ಮೊದಲೇ ಬಂದು ಕಣ್ಣು ಮುಚ್ಚಿ ಕೂರತೊಡಗಿದರು. ತಗಡಿಡದೆ ಪ್ರೆಸ್ಸಿನಿಂದ ಬರಿದೇ ಒಂದು ಏಟು ಹೊಡೆಸಿ ನೋಡದೆ ಯಾರೂ ಯಂತ್ರ ಮುಟ್ಟುತ್ತಿರಲಿಲ್ಲ. ಪಾಠ ಕೊನೆಗೂ ನಾಟಿತ್ತು. ಆದರೆ ಆ ಕೊರೆಯುವ ಬೆರಳುಗಳ ನೆನಪು ಹೋಗದೆ ಪುರುಷೋತ್ತಮರಿಗೆ ಅದರಿಂದ ಸಂತೋಷಪಡಲಾಗಲಿಲ್ಲ. ಚಿಕ್ಕಣ್ಣನ ಸರದಿ ಬಂದಾಗ ಮಾತ್ರ ಅವರು, “ನೀನು ಕಣ್ಣು ಬಿಟ್ಕೊಂಡೇ ಹೇಳಪ್ಪ,” ಎನ್ನುತ್ತಿದ್ದರು.