ಹೂದೋಟದ ಜಾಗದಲ್ಲಿ ಬೂತಾಯಿ

ಕಾಪುವಿನ ಕಡಲಬದಿಯಲ್ಲಿ ಪಾರ್ಕ್ ಆಗಲೇಬೇಕೆಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯೇನೂ ಇಲ್ಲ. ಊರಿಗೆ ಊರೇ ಆಗಲೇ ಸಾಕಷ್ಟು ನಕ್ಕಾಗಿದೆ, ಉಳಿದವರು ನೀವು ಮಾತ್ರ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಪಂಚಾಯತಿನಲ್ಲಿ ಹೆಂಗಸರೂ ಇರಬೇಕೆಂದು ಸರಕಾರ ಹೇಳಿತ್ತು. ನಮ್ಮ ಮೀನುಗಾರರ ಕೇರಿಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕುವ ಹೆಂಗಸು ಯಾರೆಂದು ಹುಡುಕಿಕೊಂಡು ಬಂದವರಿಗೆ ಎಂಟನೆಯ ಕ್ಲಾಸು ಪಾಸಾದ ನಾನು ಸಿಕ್ಕಿದೆ. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ. ಅವರನ್ನು ನಾವು ಮಾಮಿ ಎನ್ನುತ್ತೇವೆ. "ಹೋಗು, ಹೋಗಿ ಕೂತು ಬಾ. ಅಲ್ಲಿ ಎಂತ ತಿಂಡಿ ಕೊಡ್ತಾರೆ ನೋಡು" ಎಂದು ನನ್ನನ್ನು ಕಳಿಸಿದವರೂ ಅವರೇ. ತಿಂಡಿ ಏನೂ ಕೊಡುತ್ತಿರಲಿಲ್ಲ. ಗಂಡಸರಿಗೆಲ್ಲ ಕುರ್ಚಿ, ನನಗೆ ಮಾತ್ರ ಒಂದು ಸ್ಟೂಲು. ಎರಡು ಗಂಟೆ ಅದರ ಮೇಲೆ ಕೂತರೆ ಸೊಂಟ ಬಿದ್ದುಹೋಗುತ್ತಿತ್ತು.

ಆ ಸ್ಟೂಲೇ ನನ್ನನ್ನು ಹಾಳು ಮಾಡಿದ್ದು.

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಒಳ್ಳೆಯ ಮನುಷ್ಯರೇ, ಆದರೆ ಊರನ್ನೆಲ್ಲ ಏಳನೆಯ ಕ್ಲಾಸೆಂದು ತಿಳಿದಿದ್ದರು. ಶುದ್ಧ ಸಸ್ಯಾಹಾರಿ. ದಾರಿಯಲ್ಲಿ ಮೀನಿನ ಬುಟ್ಟಿ ಎದುರಾದರೆ ಕೊಡೆಯನ್ನು ಅಡ್ಡ ಹಿಡಿದು ದಾಟುತ್ತಿದ್ದರು. ಯಾವುದೋ ಮದುವೆಗೆಂದು ಒಮ್ಮೆ ಮದರಾಸಿಗೆ ಹೋಗಿದ್ದವರು ಅಲ್ಲಿಯ ಕಡಲತೀರ ನೋಡಿ ಬಂದಿದ್ದರು, ಅಂದಿನಿಂದ ಅವರಿಗೆ ನಿದ್ದೆಯಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಸಭೆಗೆ ಬಣ್ಣದ ಪೆನ್ಸಿಲಿನಲ್ಲಿ ಬರೆದ ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ದೀಪಸ್ತಂಭ, ಅದರ ಪಕ್ಕದಲ್ಲಿ ಕಾಲುದಾರಿ, ಬೆಂಚುಗಳು, ಹೂದೋಟ, ನಡುವೆ ಕಾರಂಜಿ.

ನಮ್ಮ ಇನ್ನೊಬ್ಬ ಮೆಂಬರು ಕೊಂಕಣಿ ಮಾತನಾಡುವ ಸೋಡಾ ಅಂಗಡಿಯವರು. ಅವರು ಕನ್ನಡಕ ಏರಿಸಿ ಕೇಳಿದರು, "ಎದುರಿಗೆ ಇಷ್ಟು ದೊಡ್ಡ ಸಮುದ್ರ ಉಂಟಲ್ಲ ಮಾಸ್ಟ್ರೇ, ಮತ್ತೆ ಕಾರಂಜಿ ಎಂತಕ್ಕೆ?"

"ಸಮುದ್ರದ ನೀರು ಮೇಲಕ್ಕೆ ಹಾರುವುದಿಲ್ಲ."

"ಆಟಿ ತಿಂಗಳ ಮಳೆಗಾಳಿಯಲ್ಲಿ ಬಂದು ನಿಲ್ಲಿ ಮಾರಾಯ್ರೆ. ನಿಮ್ಮ ಕೊಡೆ ಸಮೇತ ಹಾರಿಸ್ತದೆ."

ಅವರಿಗೆ ಕಾರಂಜಿಯ ಮೇಲೆ ಸಿಟ್ಟೇನೂ ಇರಲಿಲ್ಲ. ಬೆಂಚುಗಳು ತಮ್ಮ ಅಂಗಡಿಯ ಕಡೆಗೆ ಮುಖ ಮಾಡಿರಬೇಕು ಎಂಬುದಷ್ಟೇ ಅವರ ಬೇಡಿಕೆ. "ಸಮುದ್ರವನ್ನು ಎಷ್ಟು ಹೊತ್ತು ನೋಡ್ತಾರೆ? ಹತ್ತು ನಿಮಿಷ. ಮತ್ತೆ ಬಾಯಾರ್ತದೆ, ಅಲ್ವಾ?" ಬೆಂಚು ಕಡಲಿಗೆ ಮುಖ ಮಾಡಬೇಕೇ ಸೋಡಾಕ್ಕೆ ಮುಖ ಮಾಡಬೇಕೇ ಎಂದು ಒಂದು ಗಂಟೆ ಚರ್ಚೆಯಾಯಿತು. ಸಭೆಯಲ್ಲಿ ಶುದ್ಧ ಕನ್ನಡದಲ್ಲೇ ಮಾತನಾಡಬೇಕೆಂಬುದು ಮಾಸ್ತರರ ಕಟ್ಟಳೆ. ಸಿಟ್ಟು ಬಂದಾಗ ಒಬ್ಬರು ಕೊಂಕಣಿಗೂ ಉಳಿದವರು ತುಳುವಿಗೂ ಜಾರಿ, ಮಾಸ್ತರರ ಕಣ್ಣು ಕಂಡ ಕೂಡಲೇ ಮತ್ತೆ ಕನ್ನಡಕ್ಕೆ ಹತ್ತುತ್ತಿದ್ದರು.

ನನ್ನ ತಲೆಯಲ್ಲಿ ಮಾತ್ರ ಬೆಂಚು. ಅದು ಎತ್ತ ಮುಖ ಮಾಡಿದರೆ ನನಗೇನು? ಬೆನ್ನು ಒರಗಿಸಿ ಕೂರಬಹುದು! ಹುಟ್ಟಿದಂದಿನಿಂದ ನಾನು ನೆಲ, ಮಣೆ, ಜಗಲಿಯಂಚು ಮತ್ತು ಆ ಪಾಪಿ ಸ್ಟೂಲನ್ನು ಬಿಟ್ಟರೆ ಬೇರೆ ಯಾವುದರ ಮೇಲೂ ಕೂತವಳಲ್ಲ. "ಒಪ್ಪುವವರು ಕೈ ಎತ್ತಿ" ಎಂದದ್ದೇ ತಡ, ಬಸ್ಸು ನಿಲ್ಲಿಸುವವಳ ಹಾಗೆ ಕೈ ಚಾಚಿದೆ. "ಭೇಷ್!" ಎಂದರು ಮಾಸ್ತರರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮನೆಗೆ ಓಡಿ ಬಂದು ಮಾಮಿಗೆ ಎಲ್ಲವನ್ನೂ ವರ್ಣಿಸಿದೆ. ಅವರು ಎಲ್ಲ ಕೇಳಿ, "ಹೂದೋಟ ಎಲ್ಲಿ?" ಎಂದರು.

"ದೀಪಸ್ತಂಭದ ಬಂಡೆಯ ತೆಂಕು ಬದಿಗೆ."

ಹೇಳಿದ ಮೇಲೆ ನನಗೆ ಹೊಳೆಯಿತು. ಅದು ಮಾಮಿ ಮೀನು ಒಣಗಿಸುವ ಜಾಗ! ಮಾಮಿ ಮಾತ್ರವಲ್ಲ, ಕೇರಿಯ ಎಂಟು ಮನೆಯ ಹೆಂಗಸರೂ ಅಲ್ಲೇ ಒಣಗಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು, ಹದವಾದ ಗಾಳಿ, ನೀರು ಹತ್ತಿ ಬರದ ಮರಳು. ಹಿಂದೆ ಸರಿದರೆ ತೆಂಗಿನ ತೋಟದ ನೆರಳು. ನೆರಳಿನಲ್ಲಿ ಮೀನು ಒಣಗುವುದಿಲ್ಲ, ಕೊಳೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ದೋಣಿ ಇಳಿಯದಿರುವಾಗ ನಮ್ಮ ಗಂಜಿಗೆ ನಂಚಿಕೊಳ್ಳಲು ಇದ್ದದ್ದು ಆ ಒಣಮೀನು. ಹಿರಿಯಡ್ಕ, ಕಾರ್ಕಳದ ಕಡೆಗೆ ಹೊತ್ತು ಮಾರಿ ಅಕ್ಕಿ ತರುತ್ತಿದ್ದದ್ದೂ ಅದರಿಂದಲೇ. ಮಾವ ತೀರಿಹೋದ ಮೇಲೆ ಮಾಮಿ ನನ್ನ ಗಂಡನನ್ನು ಸಾಕಿದ್ದು ಆ ಮರಳಿನ ಮೇಲೆ. ಅದನ್ನು ನಾನು ಒಂದು ಬೆಂಚಿಗಾಗಿ ಕೈ ಎತ್ತಿ ಕೊಟ್ಟು ಬಂದಿದ್ದೆ.

ಮಾಮಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನೊಡನೆ ಮಾತು ಬಿಟ್ಟರು. ಹೇಳುವುದೇನಾದರೂ ಇದ್ದರೆ ಬೆಕ್ಕಿಗೆ ಹೇಳುತ್ತಿದ್ದರು. "ಮೆಂಬರಿಗೆ ಗಂಜಿ ಬೇಕಾ ಕೇಳು." ನಾನು ಬೆಕ್ಕಿಗೆ ಹೇಳಬೇಕು, "ಬೇಕು, ಸ್ವಲ್ಪ ಉಪ್ಪಿನಕಾಯಿಯೂ ಬೇಕು." ಬೆಕ್ಕು ಇಬ್ಬರನ್ನೂ ನೋಡಿ ಆಕಳಿಸುತ್ತಿತ್ತು. ಮಣಿಪಾಲದಲ್ಲಿ ಡಾಕ್ಟರಿಕೆ ಕಲಿಯುವವರು ಭಾನುವಾರ ದೀಪಸ್ತಂಭ ನೋಡಲು ಬಂದಾಗ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ, ಪಾರ್ಕ್ ಬೇಕಾಗಿರುವುದು ಅದಕ್ಕೇ ಎಂದು ಯಾರೋ ಮಾಮಿಗೆ ಹೇಳಿದರಂತೆ. ಅದನ್ನೂ ಅವರು ಬೆಕ್ಕಿನ ಹತ್ತಿರವೇ ವಿಚಾರಿಸಿದರು. "ಹೆಣ ಕೊಯ್ಯುವವರಿಗೆ ನನ್ನ ಮೀನು ನಾರ್ತದಾ?"

ಮುಂದಿನ ಸಭೆಯಲ್ಲಿ ಎದ್ದು ನಿಂತು, ಎತ್ತಿದ ಕೈಯನ್ನು ಇಳಿಸುತ್ತೇನೆ ಎಂದೆ. ಮಾಸ್ತರರು ನಕ್ಕರು. "ಹಾಗೆಲ್ಲ ಆಗುವುದಿಲ್ಲಮ್ಮ. ಪುಸ್ತಕದಲ್ಲಿ ಬರೆದಾಗಿದೆ." ನನಗೆ ಪಿತ್ತ ನೆತ್ತಿಗೇರಿತು. ಸ್ಟೂಲನ್ನು ಒದ್ದು, ತುಳುವಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅದರಲ್ಲಿ ಬರೆಯಬಹುದಾದದ್ದು ಒಂದೇ ವಾಕ್ಯ: ಆ ಜಾಗವನ್ನು ಕಣ್ಣಾರೆ ನೋಡದೆ, ಅಲ್ಲಿಯ ಹೆಂಗಸರನ್ನು ಕೇಳದೆ ಗೂಟ ಹೊಡೆಯಬಾರದು. ಸೋಡಾದವರು, "ಅಕ್ಕ ಹೇಳುವುದರಲ್ಲಿ ನ್ಯಾಯ ಉಂಟು" ಎಂದರು. ಬೆಂಚಿನ ದಿಕ್ಕನ್ನು ಅಲ್ಲೇ ತೀರ್ಮಾನಿಸಬಹುದೆಂಬ ಆಸೆ ಅವರಿಗೆ. ಹತ್ತು ದಿನ ಬಿಟ್ಟು ಕಡಲಬದಿಯಲ್ಲೇ ಸಭೆ, ಅಲ್ಲಿಯೇ ಕೊನೆಯ ತೀರ್ಮಾನ ಎಂದಾಯಿತು.

ಆ ದಿನ ಬೆಳಿಗ್ಗೆ ಜಾಗ ಅಳೆಯಲು ಬಂದ ಕಾರ್ಕಳದ ಓವರ್‌ಸಿಯರು ಲಾರಿಯಲ್ಲಿ ಮಾದರಿಗೆಂದು ಒಂದು ಬೆಂಚನ್ನೂ ತಂದಿದ್ದರು. ಆರು ಜನ ಹೊತ್ತು ಇಳಿಸಿದರು. "ಕಾರ್ಕಳದ ಕಲ್ಲು. ಗೊಮ್ಮಟನನ್ನೇ ಹೊತ್ತು ನಿಂತಿದೆ, ನಿಮ್ಮನ್ನು ಹೊರುವುದಿಲ್ವಾ?" ಎಂದು ಅವರು ಎದೆಯುಬ್ಬಿಸಿದರು.

ನಾನು ಸುತ್ತ ಒಂದು ಬಾರಿ ನಡೆದು ನೋಡಿದೆ. ಅಯ್ಯೋ ನನ್ನ ಕರ್ಮವೇ! ಆ ಬೆಂಚಿಗೆ ಬೆನ್ನೇ ಇರಲಿಲ್ಲ.

"ಒರಗುವುದು ಎಲ್ಲಿಗೆ?" ಎಂದೆ.

"ಅದು ಎರಡನೇ ಹಂತದಲ್ಲಿ ಬರ್ತದೆ ಅಕ್ಕಾ."

ಎಂಟು ಮನೆಯ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಾಗಿ ನಿಂತಿದ್ದರು. ಮಾಮಿ ತುದಿಯಲ್ಲಿ, ನನ್ನ ಕಡೆಗೆ ಬೆನ್ನು ಹಾಕಿ. ಮಾಸ್ತರರು ಬೆಂಚಿನ ಮೇಲೆ ನಕ್ಷೆ ಹರಡಿ ನಾಲ್ಕು ಮೂಲೆಗೂ ಕಲ್ಲು ಇಟ್ಟರು. ಓವರ್‌ಸಿಯರು ಅಳೆದು ಹೂದೋಟದ ನಾಲ್ಕು ಗೂಟ ಹೊಡೆಸಿದರು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಭಾಷಣವನ್ನು ತೆಗೆದೆ. "ಮಾನ್ಯ ಅಧ್ಯಕ್ಷರೇ" ಎನ್ನುವಷ್ಟರಲ್ಲಿ ಬಂಡೆಯ ಮೇಲಿನಿಂದ ಒಂದು ಕೂಗು ಬಂತು.

ಕಡಲಬದಿಯವರಿಗೆ ಆ ಕೂಗೇನೆಂದು ಹೇಳಬೇಕಾಗಿಲ್ಲ. ನೀರು ಅಷ್ಟಗಲ ಕೆಂಪಗೆ ಕದಡಿತ್ತು. ಬೂತಾಯಿ ಮೀನಿನ ಹಿಂಡು! ದೋಣಿಗಳು ರಂಪಣಿ ಬಲೆ ಹೊತ್ತು ನುಗ್ಗಿದವು. ರಂಪಣಿ ಎಂದರೆ ಸಾಮಾನ್ಯ ಬಲೆಯಲ್ಲ. ಕಡಲಿನಲ್ಲಿ ದೊಡ್ಡ ಸುತ್ತು ಹಾಕಿ, ಅದರ ಎರಡು ತುದಿಯ ಹಗ್ಗವನ್ನು ದಡಕ್ಕೆ ತಂದು, ಸಾಲುಸಾಲು ಗಂಡಸರು ನಿಂತು ಎಳೆಯಬೇಕು. ಕೈ ಎಷ್ಟಿದ್ದರೂ ಸಾಲದು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ: ಆ ಹೊತ್ತಿಗೆ ದಡದಲ್ಲಿದ್ದು ಹಗ್ಗಕ್ಕೆ ಕೈ ಹಚ್ಚಿದವನು ಯಾರೇ ಆಗಲಿ, ಟಪಾಲಿನವನಾಗಲಿ ಬಸ್ಸಿಗೆ ಕಾಯುವ ನೆಂಟನಾಗಲಿ, ಅವನಿಗೆ ಮೀನಿನಲ್ಲಿ ಪಾಲು. ಆ ಪಾಲನ್ನು ಅವನು ಒಯ್ಯಲೇಬೇಕು. ದಡದಲ್ಲಿ ಪಾಲು ಬಿಟ್ಟು ಹೋದರೆ ಬಲೆಗೆ ಅವಮಾನ, ಮತ್ತೆ ಮೀನು ಬರುವುದಿಲ್ಲ ಎಂದು ನಂಬಿಕೆ.

ಸಭೆ ಕಣ್ಣೆದುರಿಗೇ ಕರಗಿತು. ಮೊದಲು ಓಡಿದವರು ಸೋಡಾದವರು. ಓವರ್‌ಸಿಯರು ಪ್ಯಾಂಟು ಮಡಚಿದರು. ಲಾರಿಯ ಡ್ರೈವರ್ ಆಗಲೇ ನೀರಿನಲ್ಲಿದ್ದ. ಮಾಸ್ತರರು ಸಭೆಯ ಪುಸ್ತಕ ಹಿಡಿದು, "ಕೋರಂ ಇಲ್ಲ! ಕೋರಂ ಇಲ್ಲ! ವಾಪಸು ಬನ್ನಿ!" ಎಂದು ಹಿಂದೆಯೇ ಹೋದರು. ಯಾರು ಕೇಳುತ್ತಾರೆ? ತೆಂಕಣ ಹಗ್ಗದ ಸಾಲು ತಾಳ ತಪ್ಪಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆಯುತ್ತಿದ್ದರು. ನಲವತ್ತು ವರ್ಷ ಡ್ರಿಲ್ ಮಾಡಿಸಿದ ಜೀವಕ್ಕೆ ಅದನ್ನು ನೋಡಿ ತಡೆಯಲಿಲ್ಲ. "ಎಂತ ಎಳೆಯುವುದಯ್ಯಾ ಅದು! ಒಟ್ಟಿಗೆ! ಒಂದ್, ಎರಡ್!" ಎಂದು ಗದರಿದರು. ಅವರು ಎಣಿಸಿದಂತೆ ಸಾಲು ಎಳೆಯಿತು. "ಹಿಮ್ಮಡಿ ಊರಿ! ಹೀಗೆ!" ಎಂದು ತೋರಿಸಲು ಹೋಗಿ ಕೊಡೆ ಎಸೆದರು, ಪುಸ್ತಕ ಎಸೆದರು, ಹಗ್ಗ ಹಿಡಿದರು. ಹಿಡಿದದ್ದನ್ನು ಮತ್ತೆ ಬಿಡಲೇ ಇಲ್ಲ. ಧೋತರ ತೊಡೆಗೆ ಏರಿತು, ಕನ್ನಡಕ ಜಾರಿತು, ನಾವು ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದೆವು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವ ಸಭೆಯಲ್ಲೂ ಕಂಡಿರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಬಲೆ ದಡಕ್ಕೆ ಬಂತು. ಮರಳು ಕಾಣದಷ್ಟು ಬೂತಾಯಿ. ಬಲೆಯ ಯಜಮಾನರು ಪಾಲು ಹಾಕುತ್ತಾ ಬಂದು, ಎರಡು ಬುಟ್ಟಿ ತುಂಬಿಸಿ ಮಾಸ್ತರರ ಮುಂದಿಟ್ಟರು.

"ಇದೆಂತ?"

"ನಿಮ್ಮ ಪಾಲು ಮಾಸ್ಟ್ರೇ. ಎರಡು ಬುಟ್ಟಿ. ಒಂದು ಎಳೆದದ್ದಕ್ಕೆ, ಒಂದು ಎಳೆಸಿದ್ದಕ್ಕೆ."

"ಅಯ್ಯಯ್ಯೋ, ಬೇಡ! ನಾನು ತಿನ್ನುವವನಲ್ಲ ಮಾರಾಯ, ನಿನಗೆ ಗೊತ್ತುಂಟಲ್ಲ."

ಯಜಮಾನರು ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು. ಪದ್ಧತಿ ಮಾಸ್ತರರಿಗೂ ಗೊತ್ತಿತ್ತು. ಬಿಟ್ಟು ಹೋದರೆ ಇಷ್ಟೂ ಜನರ ಬಲೆಗೆ ಅವಮಾನ. ಒಯ್ದರೆ ಹೆಂಡತಿ ಅಂಗಳಕ್ಕೇ ಸೇರಿಸುವುದಿಲ್ಲ. ಅವರು ಬೆಂಚಿನ ಮೇಲೆ ಕುಸಿದು ಕೂತು, ಒದ್ದೆ ಧೋತರದ ತುದಿ ಹಿಂಡುತ್ತಾ ಆ ಬುಟ್ಟಿಗಳನ್ನೇ ನೋಡಿದರು. ಬಿಸಿಲು ಸುಡುತ್ತಿತ್ತು, ಮೀನು ಕಾಯುವುದಿಲ್ಲ.

ಆಗ ಸಾಲಿನ ತುದಿಯಿಂದ ಮಾಮಿ ಬಂದರು. "ಮಾಸ್ಟ್ರೇ, ಪಾಲು ನಿಮ್ಮದೇ ಇರಲಿ. ನಾನು ಒಣಗಿಸಿ ಇಡ್ತೇನೆ. ಒಣಗಿದ ಮೇಲೆ ನೀವು ಯಾರಿಗೆ ಬೇಕಾದರೂ ಕೊಡಿ, ಬಲೆಗೆ ಬೇಸರ ಇಲ್ಲ. ಆದರೆ ಎಲ್ಲಿ ಹರಡಲಿ, ಅದನ್ನೊಂದು ನೀವೇ ಹೇಳಬೇಕು."

ಮಾಸ್ತರರು ತೆಂಗಿನ ತೋಟದ ಕಡೆ ನೋಡಿದರು. ನೆರಳು. ದೋಣಿ ನಿಲ್ಲಿಸುವ ಕಡೆ ನೋಡಿದರು. ಒದ್ದೆ. ಕೊನೆಗೆ ಗೂಟ ಹೊಡೆದ ನಾಲ್ಕು ಮೂಲೆಯೊಳಗಿನ ಮರಳನ್ನು ನೋಡಿದರು. ಅದು ಬೆಳ್ಳಗೆ ಬೇಯುತ್ತಿತ್ತು.

"ಇಲ್ಲೇ ಹರಡಿ" ಎಂದರು, ಮೆಲ್ಲಗೆ.

"ಇಲ್ಲಿ ಹೂದೋಟ, ಅಲ್ವಾ?"

ಮಾಸ್ತರರು ಎದ್ದು, ಮೊದಲನೆಯ ಗೂಟವನ್ನು ತಾವೇ ಅಲುಗಾಡಿಸಿ ಕಿತ್ತರು. ಉಳಿದ ಮೂರನ್ನು ಓವರ್‌ಸಿಯರು ಕಿತ್ತರು. ತಮ್ಮ ಪಾಲಿನ ಬುಟ್ಟಿಯನ್ನೂ ಅಲ್ಲೇ ಬಿಟ್ಟು ಹೋಗಬಹುದೇ ಎಂಬ ಚಿಂತೆ ಅವರದು. ಮಾಸ್ತರರು ಮರಳಿನಲ್ಲಿ ಬಿದ್ದಿದ್ದ ಪುಸ್ತಕ ಹೆಕ್ಕಿ, ಒದ್ದೆ ಕೈಯಲ್ಲೇ ಬರೆದರು: "ಸ್ಥಳವನ್ನು ಪರಿಶೀಲಿಸಲಾಗಿ, ಸದರಿ ಸ್ಥಳವು ಬಳಕೆಯಲ್ಲಿರುವುದು ಕಂಡುಬಂದಿದ್ದರಿಂದ ಯೋಜನೆಯನ್ನು ಕೈಬಿಡಲಾಗಿದೆ." ಜೋರಾಗಿ ಓದಿ ಹೇಳಿದರು, ತಪ್ಪಿಲ್ಲದ ಕನ್ನಡದಲ್ಲಿ. ಸೋಡಾದವರು, "ಹಾಗಾದರೆ ಬೆಂಚು?" ಎಂದರು.

ಹೆಂಗಸರು ಬುಟ್ಟಿ ಹೊತ್ತು ಮರಳಿಗೆ ಇಳಿದರು. ಮಾಮಿ ಮಾಸ್ತರರ ಬೂತಾಯಿಗೆ ಉಪ್ಪು ಸವರಿ ಒಂದೊಂದಾಗಿ ಸಾಲು ಹಾಕತೊಡಗಿದರು. ನಾನು ದೂರದಲ್ಲಿ ಕಂಬದ ಹಾಗೆ ನಿಂತಿದ್ದೆ. ಹತ್ತಿರ ಹೋಗಲು ಧೈರ್ಯವಿಲ್ಲ, ಹೋಗದಿರಲು ಮನಸ್ಸಿಲ್ಲ. ಕೇಳಿ ಹೇಳಲು ಬೆಕ್ಕೂ ಇರಲಿಲ್ಲ. ಅವರು ತಲೆ ಎತ್ತದೆಯೇ ಹೇಳಿದರು.

"ನಿಂತು ಎಂತ ನೋಡುವುದು? ಬಾ. ನನಗೆ ಒಬ್ಬಳಿಗೇ ಆಗ್ತದಾ ಇಷ್ಟು?"

ಇಪ್ಪತ್ತು ದಿನಗಳ ಮೇಲೆ ನನಗೇ ಹೇಳಿದ ಮಾತು. ನಾನು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ, ಕೂತವಳೇ ಗೊಳೋ ಎಂದು ಅತ್ತುಬಿಟ್ಟೆ. ಮೂಗು, ಕಣ್ಣು ಎಲ್ಲ ಒಟ್ಟಿಗೆ ಸುರಿಯುತ್ತಿತ್ತು. ಮಾಮಿ ಮೊಣಕೈಯಿಂದ ನನ್ನನ್ನು ತಿವಿದರು.

"ಆಚೆ ತಿರುಗಿ ಅಳು ಮಾರಾಯ್ತಿ. ಇದಕ್ಕೆ ಉಪ್ಪು ಹಾಕಿ ಆಗಿದೆ."

ನಾನು ಆಚೆ ತಿರುಗಿ ಅತ್ತು ಮುಗಿಸಿ, ಈಚೆ ತಿರುಗಿ ಮೀನು ಹರಡಿದೆ.