ಬಾಯ್ಲರ್ ಗೋಡೆಯ ಎರಡು ಸಾಲು

ಸಾತಲಿಂಗಪ್ಪ ಮಹಾರಾಷ್ಟ್ರದ ಗಡಿಯೂರು ತಡವಳದ ಕನ್ನಡ ಶಾಲೆಯಲ್ಲಿ ನನ್ನ ವಿದ್ಯಾರ್ಥಿ. ಅಕ್ಷರ ದುಂಡಗೆ, ಪ್ರಶ್ನೆ ಮಾತ್ರ ಚೂಪು. ಮುಂದೆ ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬಾಯ್ಲರ್ ನೋಡಿಕೊಂಡನು. ಭಾನುವಾರ ಯೂನಿಯನ್ ಕೋಣೆಯಲ್ಲಿ ಜೊತೆಗಾರರಿಗೆ ಮಾರ್ಕ್ಸನನ್ನು ಓದಿ ಹೇಳುತ್ತಿದ್ದನು. "ಯಂತ್ರ ಅಂದ್ರ ಹಿಂದಿನವರ ದುಡಿಮಿ, ಕಬ್ಬಿಣ ಆಗಿ ನಿಂತದ. ಅದು ಈಗ ಯಾರ ಕೈಯಾಗ ಅದ, ಅದನ್ನ ಮೊದಲ ನೋಡ್ರಿ," ಎನ್ನುವನು.

ಹೋದ ವರ್ಷ ಬಾಯ್ಲರಿನ ಸುರಕ್ಷತಾ ಕವಾಟದಿಂದ ಉಗಿ ಸೋರತೊಡಗಿತು. ರಿಪೇರಿಗೆ ಮೂರು ದಿನ ಕೆಲಸ ನಿಲ್ಲಿಸಬೇಕಾಗಿತ್ತು. ಮಾಲೀಕ ಯೋಗಿರಾಜ ಸೇಠರು ಕವಾಟ ತೆರೆಯದಂತೆ ಅದಕ್ಕೆ ಕಬ್ಬಿಣದ ತುಂಡೊಂದನ್ನು ತೂಗುಹಾಕಿಸಿದರು. ಅಮಾವಾಸ್ಯೆಯ ಪೂಜೆಗೆ ಎರಡು ತೆಂಗಿನಕಾಯಿ ಹೆಚ್ಚು ಒಡೆಸಿದರು.

"ಸೇಠ, ಉಗಿಗೆ ಹೊರಗ ಹೋಗಾಕ ದಾರಿ ಬೇಕರಿ," ಎಂದನು ಸಾತಲಿಂಗಪ್ಪ.

"ನಿಮ್ಮ ಮಾರ್ಕ್ಸ ಯಾವ ಊರಾಗ ಬಾಯ್ಲರ್ ನಡಸ್ಯಾನೋ?"

"ನಡಸಿಲ್ಲರಿ. ಒಡದಾಗ ಯಾರು ಸಾಯ್ತಾರ ಅನ್ನೂದು ಅವಗ ಗೊತ್ತಿತ್ತು."

ಮರುದಿನವೇ ಅವನನ್ನು ಗೇಟು ಕಾಯಲು ಹಾಕಿದರು. ಹೋಗುವ ಮುನ್ನ ಬಾಯ್ಲರ್ ಗೋಡೆಯ ಮೇಲೆ ಸುಣ್ಣದಿಂದ ಕನ್ನಡದಲ್ಲಿ ಬರೆದನು: "ಒತ್ತಡದ ಮುಳ್ಳು ಕೆಂಪು ಗೆರೆ ದಾಟಿದರೆ ಒಲೆಯ ಬೆಂಕಿ ಹೊರಗೆಳೆಯಿರಿ. ಯಾರನ್ನೂ ಕೇಳಬೇಡಿರಿ." ಕವಾಟದ ಬಗ್ಗೆ ಯೂನಿಯನ್ನಿನವರು ಸರಕಾರಕ್ಕೆ ಕೊಟ್ಟ ಅರ್ಜಿಗೆ ಇನ್ನೂ ಉತ್ತರವಿಲ್ಲ.

ಅವನ ಜಾಗಕ್ಕೆ ಬಂದ ಅವಿನಾಶನೂ ತಡವಳದವನೇ. ಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡ ಅಕ್ಷರಗಳನ್ನು ಅವನು ಕಂಡದ್ದು ಅಜ್ಜಿಯ ದೇವರ ಜಗುಲಿಯ ಮೇಲೆ ಮಾತ್ರ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಾತಲಿಂಗಪ್ಪ ನೀರು ಕುಡಿಯಲು ಬಾಯ್ಲರ್ ಕೋಣೆಯೊಳಗೆ ಹೋದನು. ಆ ಬರಹಕ್ಕೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಲಾಗಿತ್ತು. ಅವಿನಾಶ ಊದುಬತ್ತಿ ಬೆಳಗುತ್ತಿದ್ದನು. ಪಕ್ಕದಲ್ಲಿ ಒತ್ತಡದ ಮುಳ್ಳು ಕೆಂಪು ಗೆರೆಯ ಆಚೆ ನಡುಗುತ್ತಿತ್ತು.

"ಇದೇನು ಮಾಡಾಕತ್ತೀಯೋ ತಮ್ಮಾ?"

"ನೀವು ಮಂತ್ರ ಬರದು ಹೋಗೀರಲ್ಲ ಕಾಕಾ. ಒಂದು ದಿನಾನೂ ಪೂಜಿ ತಪ್ಪಿಸಿಲ್ಲ."

ಸಾತಲಿಂಗಪ್ಪ ಅದನ್ನು ಗಟ್ಟಿಯಾಗಿ ಓದಿದನು. ಊದುಬತ್ತಿ ನೆಲಕ್ಕೆ ಬಿದ್ದಿತು. ಇಬ್ಬರೂ ಸೇರಿ ಬೆಂಕಿ ಹೊರಗೆಳೆದರು. ಬಣ್ಣದ ತೊಟ್ಟಿಗಳ ಬಳಿಯಿದ್ದ ನಲವತ್ತು ಜನ ಅಂಗಳಕ್ಕೆ ಓಡಿದರು. ಮುಳ್ಳು ಇಳಿಯಲು ಅರ್ಧ ಗಂಟೆ ಹಿಡಿಯಿತು.

ಸಂಜೆಯೊಳಗೆ ಇಬ್ಬರ ಕೆಲಸವೂ ಹೋಯಿತು. ಗೋಡೆಗೆ ಸುಣ್ಣ ಬಳಿದರು. ಕಬ್ಬಿಣದ ತುಂಡು ಅಲ್ಲಿಯೇ ಇದೆ. ಈಗ ಬೆಂಕಿ ಹಾಕುವವನು ಒಡಿಶಾದಿಂದ ಬಂದವನು. ಅವನ ಮಾತು ಇಲ್ಲಿ ಯಾರಿಗೂ ತಿಳಿಯದು.

ನಿನ್ನೆ ಸಾತಲಿಂಗಪ್ಪ ಶಾಲೆಯ ಮಕ್ಕಳು ಬರೆಯುವ ಪಾಟಿ ಹಿಡಿದು ನನ್ನ ಮನೆಗೆ ಬಂದನು.

"ಮಾಸ್ತರ, ಇದರ ಮ್ಯಾಲ ಚಿತ್ರ ತಗದು ಕೊಡ್ರಿ. ಮುಳ್ಳು, ಕೆಂಪು ಗೆರಿ, ಓಡೂ ಮನಷ್ಯಾ. ಗೇಟಿನ ಹೊರಗ ನಿಂತು ಆ ಒಡಿಶಾದವಗ ತೋರಸ್ತೀನಿ. ಲಗೂ ಮಾಡ್ರಿ, ನಾಳಿಂದ ಹಗಲು ರಾತ್ರಿ ಮೂರು ಪಾಳಿ ಹಚ್ಯಾರ."