ದುಂಡವ್ವನ ಸಿಪ್ಪೆಬುಟ್ಟಿ

ನವಲಗುಂದದ ಸುತ್ತ ಯಾರ ಮನೆಯಲ್ಲಿ ಮದುವೆಯಿದ್ದರೂ ಬೀಗರಿಗಿಂತ ಮೊದಲೇ ಹಿತ್ತಲಿಗೆ ಹಾಜರಾಗುವವಳು ದುಂಡವ್ವ. "ಒಂದ ಸಿಪ್ಪಿ ತಿಪ್ಪಿಗಿ ಬಿತ್ತಂದ್ರ ನೋಡ್ರಿ ಮತ್ತ!" ಎಂದು ಅಡಿಗೆಯವರನ್ನೇ ಗದರಿಸಿ ಉಳ್ಳಾಗಡ್ಡಿ ಸಿಪ್ಪೆ, ಶೇಂಗಾ ಹೊಟ್ಟು, ಹುಣಸೆಬೀಜವನ್ನೆಲ್ಲ ಚೀಲಕ್ಕೆ ತುಂಬುತ್ತಾಳೆ. ಅವಳ ಗದರಿಕೆಗೆ ಹೆದರಿ ಊರ ಎಮ್ಮೆಗಳೂ ತಿಪ್ಪೆಯತ್ತ ಸುಳಿಯುವುದಿಲ್ಲವಂತೆ. ಹುಣಸೆಬೀಜ ಹುರಿದು ಬೀಸಿ ಅಂಟು ಕುದಿಸುತ್ತಾಳೆ. ಅದರಲ್ಲಿ ನೆನೆಸಿದ ಹಳೆ ಪೇಪರು, ಹೊಟ್ಟಿನ ಪುಡಿ ಕಲಸಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸುತ್ತಾಳೆ. ಉಳ್ಳಾಗಡ್ಡಿ ಸಿಪ್ಪೆ ಕುದಿಸಿದ ನೀರು ಬಳಿದರೆ ಹೊನ್ನಿನ ಬಣ್ಣದ ಬುಟ್ಟಿ. ಸಂತೆಗೆ ಹೊಸದಾಗಿ ಬಂದ ಪ್ಲಾಸ್ಟಿಕ್ ಬುಟ್ಟಿಯ ಹೆಸರು ಯಾರಾದರೂ ಎತ್ತಿದರೋ, ತನ್ನದನ್ನು ಬೋರಲು ಹಾಕಿ ಅದರ ಮೇಲೇ ಹತ್ತಿ ನಿಲ್ಲುತ್ತಾಳೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೀರೆ ಕುಬಸ ಇಡಲು ಎಲ್ಲರಿಗೂ ದುಂಡವ್ವನ ಬುಟ್ಟಿಯೇ ಬೇಕು. ಆದರೆ ಊರ ಗೌಡರ ಮನೆಯ ಮದುವೆಯಲ್ಲಿ ಅವರ ಹೆಂಡತಿ ಗೌಡಸಾನಿ "ಉಳದ ಅನ್ನ ಐತಿ, ಒಯ್ಯಿ ಬೇ" ಎಂದರೆ ಮಾತ್ರ ದುಂಡವ್ವನ ಮುಖ ಬಿಗಿಯುತ್ತದೆ: "ಒಲ್ಲೆರಿ, ಸಿಪ್ಪಿ ಸಾಕು." ಅವಳ ಅವ್ವ ಇದೇ ಹಿತ್ತಲಿನಲ್ಲಿ ಸೆರಗೊಡ್ಡಿ ಆ ಅನ್ನಕ್ಕಾಗಿ ಕಾದು ನಿಂತವಳು. ಸಿಪ್ಪೆಯನ್ನು ಹಿತ್ತಲಿಂದ ಒಯ್ದರೂ ಬುಟ್ಟಿಯನ್ನು ದುಂಡವ್ವ ಹಿತ್ತಲಿಗೆ ತರುವುದಿಲ್ಲ, ಮುಂಬಾಗಿಲ ಕಟ್ಟೆಯ ಮೇಲೆ ಕೂತು ಕೂಗುತ್ತಾಳೆ: "ಗೌಡಸಾನ್ಯಾರ, ಹೊರಗ ಬರ್ರಿ. ಎರಡೂ ಕೈಲೆ ಇಸಕೊಳ್ರಿ."